ನಾಲ್ಕು ಕಟ್ಟು ಹಾಜರ್

2024ರ ಜೂನ್ 25, ಮಂಗಳವಾರ. ಬೆಳಿಗ್ಗೆ 8.50ಕ್ಕೆ ಬೆಳ್ತಂಗಡಿ ತಾಲೂಕಿನ ನೆಕ್ಕರೆಬೈಲು ಪೊಲೀಸ್ ಠಾಣೆಗೆ ಬಂದ ಸೇಸಮ್ಮ, ಕೊಡೆ ಮಡಚಲಿಕ್ಕೂ ಮರೆತು ನೀರು ಸುರಿಸುತ್ತಲೇ ಒಳಗೆ ಬಂದುಬಿಟ್ಟಳು. ಅರುವತ್ತು ದಾಟಿದ ಹೆಂಗಸು, ನಲವತ್ತು ವರ್ಷದಿಂದ ಬೀಡಿ ಕಟ್ಟುತ್ತಿರುವವಳು. ಸುಲಭಕ್ಕೆ ಹೆದರುವ ಪೈಕಿಯಲ್ಲ. ಇವತ್ತು ಮಾತ್ರ ಬೀಡಿ ಎಲೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು; ಅದನ್ನು ಕಾನ್‌ಸ್ಟೇಬಲ್ ಮೋಕ್ಷಿತಾಳೇ ಬಿಚ್ಚಬೇಕಾಯಿತು.

ಪೊಟ್ಟಣದೊಳಗೆ ಒಂದು ಗುಂಡು ಇತ್ತು. ಪೆನ್ಸಿಲಿಗಿಂತ ಸಪೂರ, ಚೂಪು ಮೂತಿ, ಮೈಮೇಲೆ ತಾಮ್ರದ ಹೊದಿಕೆ. ಮೂತಿ ಒಂದು ಬದಿಗೆ ಸೊಟ್ಟಗಾಗಿತ್ತು.

ಮೇಜಿನ ಹಿಂದೆ ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಶೀನಪ್ಪ ಕನ್ನಡಕ ಮೇಲೆ ಸರಿಸಿ ಅದನ್ನು ನೋಡಿದ. ಮೂವತ್ತೇಳು ವರ್ಷದ ಸರ್ವಿಸ್, ನಿವೃತ್ತಿಗೆ ಇನ್ನು ಐದೇ ತಿಂಗಳು. ಠಾಣೆಯ ಬಂದೂಕು ಕೋಣೆಯ ಬೀಗದ ಕೈ ಇರುವುದು ಅವನ ಸೊಂಟದಲ್ಲಿ. ಊರಿನವರ ಮೇಲೆ ದನಿ ಏರಿಸುವುದರಲ್ಲಿ ಅವನನ್ನು ಮೀರಿಸಿದವರು ಆ ಠಾಣೆಯಲ್ಲಿ ಇರಲಿಲ್ಲ. ಅಂಥವನು ಇವತ್ತು ಗುಂಡಿನಿಂದ ಕಣ್ಣು ತೆಗೆಯದೆ ಕೇಳಿದ.

"ಎಲ್ಲಿ ಸಿಕ್ಕಿತು?"

"ಎಲೆಯ ಕಟ್ಟಿನ ಒಳಗೆ ಶೀನಪ್ಪಣ್ಣ. ನಿನ್ನೆ ಸಂಜೆ ಐದೂವರೆಗೆ ಜಗಲಿಯಲ್ಲಿ ಕೂತು ಬೀಡಿ ಕಟ್ತಾ ಇದ್ದೆ. ಮಾಡಿನ ಹಂಚು ಒಡೆದು ಚೂರು ಮಡಿಲಿಗೇ ಬಿತ್ತು."

"ಶಬ್ದ ಕೇಳಿದ್ದು ಉಂಟಾ?"

"ಮೂರು. ಒಂದರ ಹಿಂದೆ ಒಂದು ಅಲ್ಲ, ಉಸಿರು ಬಿಡ್ಲಿಕ್ಕೆ ಪುರುಸೊತ್ತಿಲ್ಲದ ಹಾಗೆ ಒಟ್ಟಿಗೇ ಮೂರು."

"ಗರ್ನಾಲ್ ಪಟಾಕಿ ಇರ್ಬಹುದು."

"ಗರ್ನಾಲ್ ಹಂಚು ಒಡೆದು ಎಲೆಯ ಒಳಗೆ ಹೋಗಿ ಕೂರ್ತದಾ? ಮಂಗ ಓಡಿಸುವ ಕೋವಿಯೂ ಅಲ್ಲ. ಅದು ಒಮ್ಮೆ ಢಂ ಅಂದ್ರೆ ಮತ್ತೆ ತುಂಬಿಸಿಯೇ ಆಗ್ಬೇಕು. ಅಷ್ಟು ಗೊತ್ತುಂಟು ನನಗೆ."

"ನಿನ್ನೆಯೇ ಯಾಕೆ ಬರ್ಲಿಲ್ಲ?"

"ಅಂಗಳಕ್ಕೆ ಕಾಲಿಟ್ಟಾಗ ನಾಲ್ಕನೆಯದು ಬಂದ್ರೆ?" ಸೇಸಮ್ಮ ಕೇಳಿದಳು. ಶೀನಪ್ಪ ದೂರಿನ ಪುಸ್ತಕ ಹತ್ತಿರ ಎಳೆದುಕೊಂಡ.

9.20ಕ್ಕೆ ಎಫ್‌ಐಆರ್ ದಾಖಲಾಯಿತು. ಐಪಿಸಿ ಕಲಂ 336, ಶಸ್ತ್ರಾಸ್ತ್ರ ಕಾಯ್ದೆ ಕಲಂ 25 ಮತ್ತು 27. ಆರೋಪಿ: ಅಪರಿಚಿತ. ಇನ್ಸ್‌ಪೆಕ್ಟರ್ ಶೋಧನ್ ಗುಂಡನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಮೂವತ್ತಾರರ ಪ್ರಾಯ, ಠಾಣೆಗೆ ಬಂದು ಒಂದು ವರ್ಷ. ಬೈಯುವ ಅಭ್ಯಾಸ ಅವರಿಗಿರಲಿಲ್ಲ. ಶೀನಪ್ಪನಿಗೆ ಅದೇ ಒಂದು ನಮೂನೆ ಹೆದರಿಕೆ.

"ಒಮ್ಮೆ ಟ್ರಿಗರ್ ಒತ್ತಿದರೆ ಮೂರು ಗುಂಡು. ಯಾವುದು ಶೀನಪ್ಪ?"

"ಇನ್ಸಾಸ್, ಸರ್. ಮಿಲಿಟರಿ ರೈಫಲ್."

"ನಮ್ಮಲ್ಲಿ ಎಷ್ಟು ಉಂಟು?"

"ನಾಲ್ಕು. ಚುನಾವಣಾ ಬಂದೋಬಸ್ತಿಗೆ ಬಂದದ್ದು. ಮಂಗಳೂರಿಗೆ ವಾಪಸ್ ಹೋಗ್ಲಿಕ್ಕುಂಟು."

"ನಾಲ್ಕೂ ಉಂಟಾ?"

"ಉಂಟು ಸರ್. ಬೆಳಿಗ್ಗೆ ಎಂಟಕ್ಕೆ ಎಣಿಸಿ ಪುಸ್ತಕದಲ್ಲಿ ಬರೆದಿದ್ದೇನೆ."

ಸುಳ್ಳಲ್ಲ. ಎಣಿಸಿದ್ದ. ಆದರೂ ಮಾತು ಮುಗಿಯುವಾಗ ಸೊಂಟದ ಬೀಗದ ಕೈಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

ಸೇಸಮ್ಮನ ಮನೆಯ ಹಿಂದೆ, ಸುಮಾರು ನೂರೆಂಬತ್ತು ಮೀಟರ್ ದೂರದಲ್ಲಿ, ಕೆಂಪುಕಲ್ಲು ತೆಗೆದು ಬಿಟ್ಟುಹೋದ ಒಂದು ಹಳೆಯ ಕೋರೆ. ಮಳೆ ಶುರುವಾದರೆ ಅಡಿಯಲ್ಲಿ ಎರಡಾಳು ನೀರು ನಿಲ್ಲುತ್ತದೆ. 9.55ಕ್ಕೆ ಇಬ್ಬರು ಪಂಚರ ಸಮಕ್ಷಮ ಸ್ಥಳ ಪಂಚನಾಮೆ ಆರಂಭವಾಯಿತು. ನೀರಿನ ಅಂಚಿನಲ್ಲಿ ರಬ್ಬರ್ ಚಪ್ಪಲಿಯ ಗುರುತು. ಗುರುತಿನ ಬಲಬದಿಗೆ, ಎರಡು ಅಡಿ ಅಂತರದೊಳಗೆ, ಮೂರು ಖಾಲಿ ತೋಟೆಗಳು ಬಿದ್ದಿದ್ದವು. ಎದುರಿನ ಕಲ್ಲಿನ ಗೋಡೆಗೆ ಎರಡು ಗುಂಡು ತಾಗಿದ ಗುರುತು, ಒಂದಕ್ಕಿಂತ ಒಂದು ಮೇಲೆ. ಮೂರನೆಯದು ಗೋಡೆಯ ತುದಿಯನ್ನು ಸವರಿ, ವೇಗ ಕಳೆದುಕೊಂಡು ಸೇಸಮ್ಮನ ಮಾಡಿಗೆ ಹೋಗಿತ್ತು.

"ಕೋವಿ ಕೈಯಿಂದ ಮೇಲಕ್ಕೆ ಎದ್ದಿದೆ. ಹಿಡಿದು ಅಭ್ಯಾಸ ಇಲ್ಲದವನು," ಎಂದರು ಶೋಧನ್. "ಇದು ನಕ್ಸಲರ ಕೆಲಸ ಅಂತ ನನಗೆ ಕಾಣುದಿಲ್ಲ."

ಶೀನಪ್ಪ ಬಗ್ಗಿ ತೋಟೆಯ ಬುಡ ನೋಡಿದ. ಕಾರ್ಖಾನೆಯ ಗುರುತು, ತಯಾರಾದ ವರ್ಷದ ಅಂಕೆ. ಚುನಾವಣೆಯ ಮುಂಚೆ ಅವನೇ ಸಹಿ ಹಾಕಿ ತೆಗೆದುಕೊಂಡ ಪೆಟ್ಟಿಗೆಯ ತೋಟೆಗಳಲ್ಲೂ ಅದೇ ಅಂಕೆ ಇತ್ತು. ದೇಶದಲ್ಲಿ ಆ ವರ್ಷ ತಯಾರಾದ ತೋಟೆಗಳು ಲಕ್ಷಗಟ್ಟಲೆ ಇರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಲಕ್ಷಗಟ್ಟಲೆ ತೋಟೆ ನೆಕ್ಕರೆಬೈಲಿನ ಕೋರೆಗೆ ಬಂದು ಬೀಳುವುದಿಲ್ಲವಲ್ಲ ಎಂದು ಮನಸ್ಸು ಕೂಡಲೇ ಹೇಳಿತು.

ವಾಪಸ್ ಬರುವಾಗ ದಾರಿಯಲ್ಲಿ ಜನ ಇರಲಿಲ್ಲ. ಹೋಟೆಲಿನ ಅರ್ಧ ಬಾಗಿಲು ಹಾಕಿತ್ತು. ಶಾಲೆಗೆ ರಜೆ ಸಾರಿ ಮಕ್ಕಳನ್ನು ಕಳಿಸುತ್ತಿದ್ದರು. ತಾಯಂದಿರು ಮಕ್ಕಳ ಕೈ ಹಿಡಿದು, ರಸ್ತೆಯ ನಡುವೆ ಬಿಟ್ಟು ಗೋಡೆ ಬದಿಗೆ ಒತ್ತಿಕೊಂಡು ನಡೆಯುತ್ತಿದ್ದರು. ವಾಟ್ಸಾಪಿನಲ್ಲಿ ಆಗಲೇ ಏಳು ಮಂದಿ ನಕ್ಸಲರು ಗುಡ್ಡ ಇಳಿದಿದ್ದರು. ಬಂಟ್ವಾಳಕ್ಕೆ ತಲುಪುವಾಗ ಅವರು ಹದಿನೈದು ಮಂದಿಯಾಗಿ, ಬಿ.ಸಿ.ರೋಡಿನಲ್ಲಿ ಬಸ್ಸುಗಳ ತಪಾಸಣೆ ಶುರುವಾಗಿತ್ತು. ಸುದ್ದಿ ಕಟ್ಟುವವರಿಗೆ ಎಲ್ಲಿಲ್ಲದ ಉಮೇದು. ಸುದ್ದಿ ಕೇಳಿದವರ ಹೆದರಿಕೆ ಮಾತ್ರ ಸುಳ್ಳಾಗಿರಲಿಲ್ಲ.

11.10ಕ್ಕೆ ಶೀನಪ್ಪ ಒಬ್ಬನೇ ಬಂದೂಕು ಕೋಣೆಯ ಬೀಗ ತೆಗೆದ.

ಆ ಕೋಣೆಯ ಸಂಗತಿ ಇಲ್ಲಿ ಹೇಳಬೇಕು. ಚುನಾವಣೆ ಘೋಷಣೆಯಾದ ಕೂಡಲೇ ಊರಿನ ಕೃಷಿಕರು ತಮ್ಮ ಲೈಸೆನ್ಸ್ ಕೋವಿಗಳನ್ನು ಠಾಣೆಗೆ ತಂದೊಪ್ಪಿಸಬೇಕು, ಎಲ್ಲ ಮುಗಿದ ಮೇಲೆ ಕೊಂಡುಹೋಗಬೇಕು. ಈ ಸಲ ಬಂದದ್ದು ಅರುವತ್ತೊಂದು. ಮಳೆಗಾಲದ ಥಂಡಿಗೆ ಕಬ್ಬಿಣ ಒಂದು ವಾರದಲ್ಲಿ ತುಕ್ಕು ಹಿಡಿಯುತ್ತದೆ. ಅದಕ್ಕೆ ಶೀನಪ್ಪನ ಕ್ರಮ ಒಂದಿತ್ತು: ಎಣ್ಣೆ ಬಟ್ಟೆ, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಗೋಣಿ, ಸೆಣಬಿನ ಹುರಿ, ಹುರಿಗೆ ರಟ್ಟಿನ ಚೀಟಿ. ಮೇ ಕೊನೆಗೆ ಮಾಡು ಸೋರಲು ಶುರುವಾದಾಗ ಸರಕಾರದ ನಾಲ್ಕು ರೈಫಲ್‌ಗಳಿಗೂ ಅದೇ ಉಡುಪು ತೊಡಿಸಿದ, ಚೀಟಿ ಮಾತ್ರ ಕಟ್ಟಲಿಲ್ಲ. ಇಪ್ಪತ್ತು ಗುಂಡು ತುಂಬಿದ ಮ್ಯಾಗಝಿನ್‌ಗಳನ್ನು ಖಾಲಿ ಮಾಡಿ ಗುಂಡುಗಳನ್ನು ಪೆಟ್ಟಿಗೆಗೆ ಹಾಕಬೇಕಿತ್ತು. ನಾಳೆ ಹಾಕುವ ಎಂದು ಒಂದೊಂದನ್ನೂ ಬೇರೆ ಬಟ್ಟೆಯಲ್ಲಿ ಸುತ್ತಿ ಅದರದರ ಗೋಣಿಯೊಳಗೇ ತುರುಕಿದ. ಆ ನಾಳೆ ಬರಲೇ ಇಲ್ಲ.

ದಿನಾ ಬೆಳಿಗ್ಗೆ ಎಂಟಕ್ಕೆ ಮೂಲೆಯ ಕಟ್ಟು ಎಣಿಸುವುದು, ಪುಸ್ತಕದಲ್ಲಿ 'ನಾಲ್ಕು ಹಾಜರ್' ಎಂದು ಬರೆಯುವುದು. ಕಟ್ಟು ಬಿಚ್ಚಿ ನೋಡಿದವರು ಯಾರೂ ಇಲ್ಲ. ಅಷ್ಟು ಚಂದ ಕಟ್ಟಿದ್ದನ್ನು ಬಿಚ್ಚಿದರೆ ಮತ್ತೆ ಕಟ್ಟುವುದು ಯಾರು?

ಮೊದಲನೆಯ ಕಟ್ಟು ಬಿಚ್ಚಿದ. ರೈಫಲ್. ಎರಡನೆಯದೂ ರೈಫಲ್. ಮೂರನೆಯದರ ಗೋಣಿ ಸರಿಸುವಾಗಲೇ ಬೆರಳಿಗೆ ಮರದ ಹಿಡಿ ತಾಗಿತು. ಹೊರಗೆ ಬಂದದ್ದು ಒಂಟಿ ನಳಿಗೆಯ ಹಳೆಯ ಕೋವಿ. ಒಳಗಿದ್ದ ಚೀಲದಲ್ಲಿ ಮಂಗ ಓಡಿಸುವ ಐದು ಕೆಂಪು ತೋಟೆ.

ಶೀನಪ್ಪ ಕೋವಿ ಹಿಡಿದು ನೆಲದಲ್ಲಿ ಕೂತುಬಿಟ್ಟ. ಜೂನ್ 13ರ ಸಂಜೆ ಕಣ್ಣ ಮುಂದೆ ಬಂತು. ಒಂದೇ ದಿನ ಅರುವತ್ತೊಂದು ಕೋವಿ ಹಂಚುವ ಕೆಲಸ. ಕರೆಂಟು ಇರಲಿಲ್ಲ. ಐದೂವರೆಗೆ ಕೊನೆಗೆ ಉಳಿದದ್ದು ಒಬ್ಬ ಮನುಷ್ಯ, ಕೋಣೆಯಲ್ಲಿ ಚೀಟಿ ಇಲ್ಲದ ಐದು ಕಟ್ಟು. ಅವನ ಕೋವಿಯ ಚೀಟಿ ಒದ್ದೆಯಾಗಿ ಬಿದ್ದುಹೋಗಿತ್ತು. ಮೂಲೆಯ ರಾಶಿಯಲ್ಲಿ ಕೈಗೆ ಮೊದಲು ಸಿಕ್ಕಿದ ಕಟ್ಟನ್ನು ಎತ್ತಿ ಕೊಟ್ಟು, ಸಹಿ ಹಾಕಿಸಿಕೊಂಡು, ಶೀನಪ್ಪ ಬೀಗ ಹಾಕಿದ್ದ. ಒಳಗೆ ನಾಲ್ಕು ಉಳಿದವು. ಲೆಕ್ಕ ಸರಿಯಾಗಿಯೇ ಇತ್ತು.

ನಳಿಗೆಯ ಮೇಲೆ ಕೊರೆದ ನಂಬರನ್ನು ಲೈಸೆನ್ಸ್ ರಿಜಿಸ್ಟರಿನಲ್ಲಿ ಹುಡುಕಿದ. ಮಹಮ್ಮದ್ ಕುಂಞಿ, ಪ್ರಾಯ 62, ಬ್ಯಾರಿ ಮುಸ್ಲಿಂ, ಕೃಷಿಕ. ಮನೆ ಕೋರೆಯಿಂದ ಅರ್ಧ ಕಿಲೋಮೀಟರ್.

ಆಗ ಅವನು ಮಾಡಬೇಕಾದದ್ದು ಒಂದೇ. ಹತ್ತು ಹೆಜ್ಜೆ ನಡೆದು ಇನ್ಸ್‌ಪೆಕ್ಟರರ ಕೋಣೆಗೆ ಹೋಗಿ ಹೇಳುವುದು. ಶೀನಪ್ಪ ಹೇಳಲಿಲ್ಲ. ಕೋವಿಯನ್ನು ಮತ್ತೆ ಎಣ್ಣೆ ಬಟ್ಟೆಯಲ್ಲಿ ಸುತ್ತಿದ, ಪ್ಲಾಸ್ಟಿಕ್ ಸುತ್ತಿದ, ಗೋಣಿ ಸುತ್ತಿ ಹುರಿ ಬಿಗಿದ. ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿತ್ತು. ಸಸ್ಪೆಂಡ್, ಇಲಾಖಾ ವಿಚಾರಣೆ, ಪೆನ್ಶನ್‌ಗೆ ಕಲ್ಲು. ಟಿವಿಯಲ್ಲಿ ಫೋಟೋ. ಸಂಜೆ ಡ್ಯೂಟಿ ಮುಗಿಸಿ ಮಫ್ತಿಯಲ್ಲಿ ಹೋಗುವ, ಸದ್ದಿಲ್ಲದೆ ಬದಲು ಮಾಡಿ ತರುವ ಎಂದು ಲೆಕ್ಕ ಹಾಕಿದ. ಹೆದರಿದವನ ತಲೆಗೆ ಇಂಥ ಉಪಾಯಗಳೇ ಹೊಳೆಯುವುದು.

ಒಂದೂವರೆ ಗಂಟೆ ಅವನು ಹಾಗೆಯೇ ಮೇಜಿನ ಮುಂದೆ ಕೂತಿದ್ದ. ಫೋನ್ ರಿಂಗಾದರೆ ಮೈ ಬೆಚ್ಚಿ ಬೀಳುತ್ತಿತ್ತು. ಎಲ್ಲೋ ಯಾರಿಗೋ ಗುಂಡು ತಾಗಿತು ಎಂಬ ಫೋನ್ ಅದು ಎಂದು ಪ್ರತಿ ಸಲವೂ ಅನ್ನಿಸುತ್ತಿತ್ತು.

12.40ಕ್ಕೆ ಶೋಧನ್ ಹೊರಗೆ ಬಂದರು.

"ಎಸ್‌ಪಿ ಸಾಹೇಬರು ಎರಡು ತುಕಡಿ ಕಳಿಸ್ತಾ ಇದ್ದಾರೆ. ಗುಡ್ಡ ಪೂರ್ತಿ ಜಾಲಾಡುವುದು. ರೈಫಲ್ ಕೈಯಲ್ಲಿ ಇರುವವನನ್ನು ಕಂಡರೆ ಯಾರೂ ರಿಸ್ಕ್ ತಕ್ಕೊಳ್ಳುದು ಬೇಡ ಅಂತ ಆರ್ಡರ್."

ರಿಸ್ಕ್ ತೆಗೆದುಕೊಳ್ಳಬೇಡಿ ಎಂದರೆ ಏನು ಅರ್ಥವೆಂದು ಶೀನಪ್ಪನಿಗೆ ಮೂವತ್ತೇಳು ವರ್ಷದಿಂದ ಗೊತ್ತು. ಅಂಗಳದಲ್ಲಿ ಗೋಣಿಕಟ್ಟು ಹಿಡಿದು ನಿಂತ ಒಬ್ಬ ಮುದುಕ ಕಣ್ಣಿಗೆ ಬಂದ. ಶೀನಪ್ಪ ಎದ್ದು ನಿಂತ.

"ಸರ್, ರೈಫಲ್ ನಮ್ಮದೇ."

ಎಲ್ಲ ಹೇಳಿದ.

"ಕಟ್ಟು ಬಿಚ್ಚಿ ನೋಡಿದ್ದು ಎಷ್ಟು ಗಂಟೆಗೆ?"

"ಹನ್ನೊಂದೂ ಹತ್ತು, ಸರ್."

ಶೋಧನ್ ಗಡಿಯಾರ ನೋಡಿದರು, ಡೈರಿಯಲ್ಲಿ ಎರಡೂ ಸಮಯ ಬರೆದರು. "ಜೀಪ್ ಹತ್ತಿ," ಎಂದರು. ಅಷ್ಟೇ.

12.55. ಕುಂಞಿಯ ಮನೆಯಲ್ಲಿ ಹೆಂಡತಿ ಬೀಪಾತುಮ್ಮ ಒಬ್ಬಳೇ ಇದ್ದಳು. ಮೋಕ್ಷಿತಾಳನ್ನು ಕಂಡ ಕೂಡಲೇ ಅಳಲು ಶುರು ಮಾಡಿದಳು.

"ಎಲ್ಲಿ ಅವರು?" ಶೋಧನ್ ಕೇಳಿದರು.

"ಹನ್ನೆರಡು ಕಾಲಿನ ಬಸ್ಸಿಗೆ ಹೋದ್ರು. ಬೆಳುವಾಯಿಗೆ."

"ಅದನ್ನು ಕೊಂಡುಹೋಗಿದ್ದಾರಾ?"

"ಗೋಣಿಯಲ್ಲಿ ಕಟ್ಟಿಕೊಂಡು. ಅಲ್ಲಿ ಜಿತೇಶ ಇದ್ದಾನಲ್ಲ, ಮೊದಲು ಇಲ್ಲೇ ನಮ್ಮ ಬೇಲಿಯಾಚೆ ಇದ್ದದ್ದು, ಮಿಲಿಟರಿಯಲ್ಲಿದ್ದು ರಿಟೈರ್ ಆದವ. ಅವನಿಗೆ ಅದರ ಬುಡ ತುದಿ ಗೊತ್ತಿರ್ತದೆ, ಅವನ ಕೈಗೆ ಕೊಟ್ಟು ಅವನನ್ನೇ ಕರ್ಕೊಂಡು ಠಾಣೆಗೆ ಹೋಗ್ತೇನೆ ಅಂದ್ರು. ಹತ್ತು ದಿನ ಆಯ್ತು ಸರ್, ಮನುಷ್ಯ ಅನ್ನ ಮುಟ್ಟದೆ."

"ಫೋನ್?"

ಬೀಪಾತುಮ್ಮ ಗೋಡೆಯ ಗೂಡು ತೋರಿಸಿದಳು. ಫೋನ್ ಚಾರ್ಜಿಗೆ ಇಟ್ಟಲ್ಲೇ ಇತ್ತು.

ಹನ್ನೊಂದೂ ಹತ್ತಕ್ಕೆ ಬಾಯಿ ಬಿಟ್ಟಿದ್ದರೆ ಕುಂಞಿ ಇದೇ ಜಗಲಿಯಲ್ಲಿ ಸಿಗುತ್ತಿದ್ದ. ಜೀಪಿನಲ್ಲಿ ಈ ಮಾತನ್ನು ಯಾರೂ ಆಡಲಿಲ್ಲ. ಆಡದಿದ್ದದ್ದೇ ಶೀನಪ್ಪನಿಗೆ ಹೆಚ್ಚು ಕಷ್ಟವಾಯಿತು. ಒಮ್ಮೆ ಒತ್ತಿದರೆ ಮೂರು ಗುಂಡು ಉಗುಳುವ ಯಂತ್ರವೊಂದು ಗೋಣಿಯೊಳಗೆ ಕೂತು, ಮೂಡುಬಿದಿರೆ ಬಸ್ಸಿನಲ್ಲಿ ಜನರ ಕಾಲ ಬುಡದಲ್ಲಿ ಹೋಗುತ್ತಿದೆ. ಬಸ್ ಹೊಂಡಕ್ಕೆ ಬಿದ್ದರೆ, ಯಾರಾದರೂ ಕಟ್ಟನ್ನು ಕಾಲಿನಿಂದ ದೂಡಿದರೆ, ಕಂಡಕ್ಟರ್ ಎತ್ತಿ ಮೇಲೆ ಎಸೆದರೆ? ಶೀನಪ್ಪ ಎರಡೂ ಕೈಯಿಂದ ಸೀಟಿನ ಕಂಬಿ ಹಿಡಿದುಕೊಂಡ. ಅವನಿಗೆ ಈಗ ಪೆನ್ಶನ್ ನೆನಪಾಗುತ್ತಿರಲಿಲ್ಲ.

ಶೋಧನ್ ಬಸ್ ಮಾಲಕರಿಂದ ಕಂಡಕ್ಟರನ ನಂಬರ್ ತೆಗೆದುಕೊಂಡರು. ಗೋಣಿಕಟ್ಟಿನ ಬ್ಯಾರಿ ಒಂದೂ ಐದಕ್ಕೆ ಮೂಡುಬಿದಿರೆಯಲ್ಲಿ ಇಳಿದು, ಬೆಳುವಾಯಿ ಮೇಲಾಗಿ ಹೋಗುವ ಕಾರ್ಕಳದ ಬಸ್ ಹತ್ತಿದ್ದಾನೆ ಎಂದು ತಿಳಿಯಿತು. ಜಿತೇಶನ ಫೋನ್ ಸ್ವಿಚ್ ಆಫ್. ಮೂಡುಬಿದಿರೆ ಕಡೆಯ ಪೊಲೀಸರಿಗೂ ವಿಷಯ ಮುಟ್ಟಿಸಬೇಕಾಯಿತು.

"ನಾವು ಬರುವವರೆಗೆ ಮನೆಯ ಹತ್ತಿರ ಹೋಗ್ಬೇಡಿ. ಸೈರನ್ ಹಾಕಲೇಬೇಡಿ," ಎಂದು ಶೋಧನ್ ಎರಡು ಸಲ ಹೇಳಿದರು. ಆಚೆ ಬದಿಯಲ್ಲಿ ಕೇಳಿಸಿತೋ ಇಲ್ಲವೋ, ಲೈನ್ ಕಟ್ಟಾಯಿತು.

1.50. ಬೆಳುವಾಯಿ. ಮುಖ್ಯ ರಸ್ತೆಯಿಂದ ಒಳಗೆ, ನಾಟಿಗೆ ಹದ ಮಾಡಿದ ಗದ್ದೆಯ ಬದಿಯಲ್ಲಿ ಜಿತೇಶನ ಮನೆ. ಜೀಪನ್ನು ತಿರುವಿನಲ್ಲೇ ನಿಲ್ಲಿಸಿ ಮೂವರೂ ನಡೆದರು. ಮಳೆ ಬಿಟ್ಟಿತ್ತು.

ಜಗಲಿಯ ತಿಟ್ಟೆಯಲ್ಲಿ ಮಹಮ್ಮದ್ ಕುಂಞಿ ಕೂತಿದ್ದ. ಬಿಳಿ ಗಡ್ಡ, ಒದ್ದೆ ಲುಂಗಿ. ಗೋಣಿ ಬಿಚ್ಚಿ ಕಾಲ ಬುಡದಲ್ಲಿ ಬಿದ್ದಿತ್ತು. ರೈಫಲ್ ಅವನ ಎರಡೂ ತೊಡೆಗಳ ಮೇಲೆ ಅಡ್ಡಕ್ಕೆ ಇತ್ತು. ಅದರ ಬಾಯಿ ಮನೆಯ ಬಾಗಿಲಿನ ಕಡೆಗೆ. ಬಾಗಿಲಲ್ಲಿ ಜಿತೇಶನ ಹೆಂಡತಿ ಸುರಕ್ಷಾ ಚಹದ ಲೋಟ ಹಿಡಿದು ನಿಂತಿದ್ದಳು. ಜಿತೇಶ ಮನೆಯಲ್ಲಿ ಇರಲಿಲ್ಲ; ಬಂದವರಿಗೆ ಚಹ ಕೊಡುವ ಎಂದು ಅವಳು ಒಳಗೆ ಹೋಗಿ ಹೊರಗೆ ಬರುವಷ್ಟರಲ್ಲಿ ಗೋಣಿ ಬಿಚ್ಚಿತ್ತು. ಅವಳಿಗೆ ಮುಂದೆ ಬರಲಿಕ್ಕೂ ಆಗದೆ, ಹಿಂದೆ ಹೋಗಲಿಕ್ಕೂ ಆಗದೆ ಕಾಲು ಕಟ್ಟಿಹೋಗಿತ್ತು.

ಪೊಲೀಸರನ್ನು ಕಂಡದ್ದೇ ಕುಂಞಿ ಗಡಬಡಿಸಿ ಎಡಗೈ ಮೇಲೆತ್ತಿದ. ಆ ಕೈಯಲ್ಲಿ ಮ್ಯಾಗಝಿನ್ ಇತ್ತು. ಬಲಗೈ ಹಿಡಿಯ ಮೇಲೆಯೇ ಇತ್ತು, ಬೆರಳು ಟ್ರಿಗರಿನ ಬಳೆಯೊಳಗೆ.

"ತೆಗ್ದಿದ್ದೇನೆ ಸಾಹೇಬ್ರೇ! ಎಲ್ಲ ತೆಗ್ದಿದ್ದೇನೆ! ಹದಿನಾರು ಉಂಟು, ಎಣಿಸಿದ್ದೇನೆ, ಎಲ್ಲ ಇದರ ಒಳಗೆ ಉಂಟು. ಕೋವಿ ಖಾಲಿ. ಬೇಕಾದ್ರೆ ಒತ್ತಿ ತೋರಿಸ್ತೇನೆ."

ಆ ಮ್ಯಾಗಝಿನ್ ತುಂಬಿಸಿದ್ದು ಶೀನಪ್ಪನೇ. ಇಪ್ಪತ್ತು. ಕೋರೆಯಲ್ಲಿ ಸಿಕ್ಕಿದ್ದು ಮೂರು. ಹದಿನಾರು ಕೈಯಲ್ಲಿ. ಒಂದನೆ ಕ್ಲಾಸಿನ ಮಗುವೂ ಮಾಡುವ ಲೆಕ್ಕ. ಒಂದು ಗುಂಡು ಎಲ್ಲಿ?

ನಳಿಗೆಯಲ್ಲಿ.

ಕುಂಞಿ ಜೀವಮಾನ ಇಡೀ ಹಿಡಿದದ್ದು ಒಂಟಿ ನಳಿಗೆಯ ಕೋವಿ. ಅದರೊಳಗೆ ಕೈಯಿಂದ ಇಟ್ಟರೆ ಮಾತ್ರ ಗುಂಡು, ತೆಗೆದರೆ ಖಾಲಿ. ಈ ಯಂತ್ರ ಹಾಗಲ್ಲ. ಒಂದು ಗುಂಡು ಹಾರಿದಾಗ ಹುಟ್ಟುವ ಹೊಗೆಯ ಒತ್ತಡದಿಂದಲೇ ಒಳಗಿನ ಬೋಲ್ಟ್ ಹಿಂದಕ್ಕೆ ಹೋಗಿ, ಖಾಲಿ ತೋಟೆಯನ್ನು ಹೊರಗೆಸೆದು, ಮುಂದಕ್ಕೆ ಬರುವಾಗ ಇನ್ನೊಂದನ್ನು ತಾನೇ ನಳಿಗೆಗೆ ತಂದು ಕೂರಿಸಿಕೊಳ್ಳುತ್ತದೆ. ಮೂರು ಹಾರಿದ ಮೇಲೆ ನಾಲ್ಕನೆಯದು ತಯಾರಾಗಿ ಕೂತಿರುತ್ತದೆ. ಆಮೇಲೆ ಮ್ಯಾಗಝಿನ್ ತೆಗೆದರೂ ಅದು ಅಲ್ಲೇ ಇರುತ್ತದೆ. ಇದು ಕುಂಞಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಶೋಧನರ ಕೈ ಪಿಸ್ತೂಲಿಗೆ ಹೋಗಿತ್ತು. ಶೀನಪ್ಪ ತಲೆ ತಿರುಗಿಸದೆ ಮೆಲ್ಲಗೆ ಹೇಳಿದ: "ಸರ್, ನಳಿಗೆಯಲ್ಲಿ ಒಂದು ಉಂಟು. ಅವರಿಗೆ ಗೊತ್ತಿಲ್ಲ. ನಾನು ಹೋಗ್ತೇನೆ."

ಅದೇ ಹೊತ್ತಿಗೆ ಮುಖ್ಯ ರಸ್ತೆಯ ಕಡೆಯಿಂದ ಸೈರನ್ ಕೇಳಿಸಿತು. ಕುಂಞಿಯ ಮೈ ಒಮ್ಮೆ ನಡುಗಿತು, ತೊಡೆಯ ಮೇಲಿನ ರೈಫಲೂ ನಡುಗಿತು. ಬಾಗಿಲಲ್ಲಿ ಚಹದ ಲೋಟ ಕೆಳಗೆ ಬಿತ್ತು. ಮೋಕ್ಷಿತಾ ಯಾರೂ ಹೇಳುವ ಮೊದಲೇ ತಿರುಗಿ ರಸ್ತೆಯ ಕಡೆಗೆ ಓಡಿದಳು.

ಶೀನಪ್ಪ ಅಂಗಳದಲ್ಲಿ ಮೂರು ಹೆಜ್ಜೆ ಮುಂದೆ ಬಂದ. ಕಿರುಚಿದರೆ ಆ ಬೆರಳು ಬಿಗಿಯಾಗುತ್ತದೆ. ಕಿರುಚದೆ ಮಾತಾಡಿ ಅವನಿಗೆ ರೂಢಿಯೇ ಇರಲಿಲ್ಲ.

"ಕುಂಞಿ ಬ್ಯಾರಿಗಳೇ, ನನ್ನ ಮುಖ ನೋಡಿ. ಆ ಸೈರನ್ ನಿಮಗಲ್ಲ."

"ನಾನು ಕದ್ದದ್ದಲ್ಲ, ಅಲ್ಲಾಹನಾಣೆ..."

"ಗೊತ್ತುಂಟು. ಕೊಟ್ಟದ್ದು ನಾನೇ ಅಲ್ವಾ? ನನ್ನದೇ ತಪ್ಪು. ಈಗ ನಾನು ಹೇಳುವಷ್ಟೇ ಮಾಡಿ. ಕೋವಿ ಹಾಗೆಯೇ ಇರ್ಲಿ, ಅಲ್ಲಾಡಿಸ್ಬೇಡಿ. ಬಲಗೈಯ ಬೆರಳು ಮಾತ್ರ ಬಳೆಯಿಂದ ಹೊರಗೆ ತೆಗೀರಿ. ಮೆಲ್ಲ."

"ಖಾಲಿ ಉ..."

"ಇರ್ಲಿ. ನನಗೋಸ್ಕರ. ಬೆರಳು ಹೊರಗೆ."

ಬೆರಳು ಹೊರಗೆ ಬರಲಿಕ್ಕೆ ಎಷ್ಟು ಹೊತ್ತು ಹಿಡಿಯಿತೋ ಶೀನಪ್ಪ ಆಮೇಲೆ ಹೇಳಲಾರ. ಬಂತು.

"ಆಯ್ತು. ಕೈ ಮೇಲೆ. ಅಮ್ಮ, ನೀವು ಗೋಡೆಯ ಆಚೆಗೆ ಸರೀರಿ."

ಸುರಕ್ಷಾ ಸರಿದಳು. ಶೀನಪ್ಪ ಜಗಲಿ ಹತ್ತಿ, ಪಕ್ಕದಿಂದ ಬಂದು, ರೈಫಲನ್ನು ಎತ್ತಿ ಅದರ ಬಾಯಿಯನ್ನು ಖಾಲಿ ಗದ್ದೆಯ ಕಡೆಗೆ ತಿರುಗಿಸಿದ. ಎಡಬದಿಯ ಹಿಡಿಯನ್ನು ಹಿಂದಕ್ಕೆ ಎಳೆದ. ಹಳದಿ ತೋಟೆಯೊಂದು ಹಾರಿ ಜಗಲಿಯ ಸಿಮೆಂಟಿಗೆ ಬಿದ್ದು, ಉರುಳುತ್ತಾ ಹೋಗಿ ಒಡೆದ ಲೋಟದ ಹತ್ತಿರ ನಿಂತಿತು.

ಕುಂಞಿ ಅದನ್ನೇ ನೋಡಿದ. "ಅದು ಎಲ್ಲಿಂದ ಬಂತು?"

"ತನ್ನಷ್ಟಕ್ಕೆ ಹೋಗಿ ಕೂತದ್ದು. ಈ ಕೋವಿ ಹಾಗೆಯೇ."

"ಬಸ್ಸಿನಲ್ಲಿ," ಎಂದ ಕುಂಞಿ. "ಬಸ್ಸಿನಲ್ಲಿ ಒಬ್ಬಳು ಬಾಣಂತಿ ನನ್ನ ಬದಿಯಲ್ಲೇ ಕೂತಿದ್ದಳು. ಗೋಣಿಯ ಮೇಲೆ ಕಾಲಿಟ್ಟು." ಅವನು ಮುಖ ಮುಚ್ಚಿಕೊಂಡು ಚಿಕ್ಕ ಮಕ್ಕಳ ಹಾಗೆ ಅತ್ತುಬಿಟ್ಟ. ಶೀನಪ್ಪ ರೈಫಲನ್ನು ಶೋಧನರ ಕೈಗೆ ಕೊಟ್ಟು ತಿಟ್ಟೆಯ ಮೇಲೆ ಅವನ ಪಕ್ಕ ಕೂತ.

2.40ಕ್ಕೆ ವಶಪಡಿಸಿಕೊಂಡ ಪಂಚನಾಮೆ: ಇನ್ಸಾಸ್ ರೈಫಲ್ ಒಂದು, ಮ್ಯಾಗಝಿನ್ ಒಂದು, ಸಜೀವ ಗುಂಡು ಹದಿನೇಳು. 2.55ಕ್ಕೆ ಮಹಮ್ಮದ್ ಕುಂಞಿಯ ಬಂಧನ. ಕೋಳ ಬೇಡ ಎಂದರು ಶೋಧನ್.

ಸಂಜೆ 5.15ಕ್ಕೆ ಠಾಣೆಯಲ್ಲಿ ಹೇಳಿಕೆ ದಾಖಲಾಯಿತು. ಬರೆದದ್ದು ಮೋಕ್ಷಿತಾ. ಶೀನಪ್ಪನ ಸೊಂಟದ ಬೀಗದ ಕೈ ಆಗಲೇ ಇನ್ಸ್‌ಪೆಕ್ಟರರ ಮೇಜಿನ ಮೇಲಿತ್ತು. ಅವನ ಸಸ್ಪೆನ್ಶನಿನ ಕಾಗದ ಮರುದಿನ ಬರುವುದಿತ್ತು. ಅವನು ಬಾಗಿಲ ಬದಿಯ ಬೆಂಚಿನಲ್ಲಿ, ದೂರು ಕೊಡಲು ಬಂದವರು ಕೂರುವಲ್ಲಿ ಕೂತಿದ್ದ.

"ಗುಂಡು ಯಾಕೆ ಹಾರಿಸಿದ್ದು?" ಶೋಧನ್ ಕೇಳಿದರು.

"ಕೋರೆಯ ನೀರಿಗೆ ಎಸೆಯುವ ಅಂತ ಹೋದದ್ದು ಸರ್. ಬೇಸಗೆಯಲ್ಲಿ ಮಕ್ಕಳು ಅಲ್ಲಿ ಈಜ್ತಾರೆ. ಗುಂಡು ಇದ್ದ ಕೋವಿ ಅವರ ಕೈಗೆ ಸಿಕ್ಕಿದ್ರೆ? ಹಾಗೆ ಒಂದೊಂದೇ ಹಾರಿಸಿ ಮುಗಿಸುವ ಅಂತ ಅಂದಾಜು ಮಾಡಿ, ಸಿನಿಮಾದಲ್ಲಿ ಕಂಡ ಹಾಗೆ ಗುಂಡಿನ ಪೆಟ್ಟಿಗೆ ಸಿಕ್ಕಿಸಿ ಬದಿಯ ಹಿಡಿ ಎಳೆದೆ. ಬದಿಯ ಸ್ವಿಚ್ಚು ಎಲ್ಲಿಗೆ ತಿರುಗಿತ್ತೋ ಗೊತ್ತಿಲ್ಲ. ಒಮ್ಮೆ ಒತ್ತಿದ್ದು, ಮೂರು ಹೋಯ್ತು. ನಾನು ಓಡಿದೆ."

"ರೈಫಲ್ ಅಂತ ಗೊತ್ತಾದದ್ದು ಯಾವಾಗ?"

"ಹದಿನಾಲ್ಕಕ್ಕೆ ಬೆಳಿಗ್ಗೆ. ಎಣ್ಣೆ ಹಾಕುವ ಅಂತ ಬಿಚ್ಚಿದೆ."

"ಹನ್ನೊಂದು ದಿನ! ಅದೇ ದಿನ ತಂದು ಕೊಟ್ಟಿದ್ದರೆ ಕೇಸೇ ಇರ್ತಿರಲಿಲ್ಲ."

"ತಂದಿದ್ದೆ ಸರ್," ಎಂದ ಕುಂಞಿ.

ಮೋಕ್ಷಿತಾ ತಲೆ ಎತ್ತಿದಳು.

"ಅದೇ ದಿನ, ಒಂಬತ್ತು ಗಂಟೆಗೆ. ರಿಕ್ಷಾದಲ್ಲಿ ಗೋಣಿ ಇಟ್ಟು ಗೇಟಿನವರೆಗೆ ಬಂದಿದ್ದೆ. ಸಾಹೇಬ್ರೇ ಅಂದೆ, ಅಷ್ಟೇ. 'ನಿನ್ನ ಕೋವಿ ಸಿಕ್ಕಿ ಆಯ್ತಲ್ಲ ಬ್ಯಾರಿ, ಇನ್ನು ಎಂತ ರಾಗ? ಇದು ಸಂತೆಯಾ? ನಡಿ, ನಡಿ' ಅಂದ್ರು. ಬಾಯಿ ತೆರೀಲಿಕ್ಕೆ ಬಿಡ್ಲಿಲ್ಲ. ಮನೆಗೆ ಹೋದೆ. ಮರುದಿನ ಬರುವ ಅಂತ ಇದ್ದೆ. ಒಂದು ರಾತ್ರಿ ಯಾಕೆ ಇಟ್ಟುಕೊಂಡೆ ಅಂತ ಕೇಳಿದ್ರೆ? ಎರಡು ದಿನ ಯಾಕೆ ಅಂತ ಕೇಳಿದ್ರೆ? ದಿನ ಹೋದ ಹಾಗೆ ಹೆದರಿಕೆ ಬೆಳೀತು. ಮಿಲಿಟರಿ ಕೋವಿ ಅಂದ್ರೆ, ನನ್ನ ಹೆಸರು ಕೇಳಿದವರು ಮತ್ತೆ ಉಳಿದದ್ದು ಕೇಳ್ತಾರಾ ಸರ್?"

ಶೋಧನ್ ಪೆನ್ನು ಕೆಳಗಿಟ್ಟರು.

"ಗೇಟಿನಲ್ಲಿ ಹಾಗೆ ಹೇಳಿದ್ದು ಯಾರು?"

ಕುಂಞಿ ನೆಲ ನೋಡಿದ. ಬೆಂಚಿನ ಕಡೆಗೆ ಕಣ್ಣು ಹಾಯಿಸಲೇ ಇಲ್ಲ. "ಮರ್ತುಹೋಗಿದೆ ಸರ್. ಪ್ರಾಯ ಆಯ್ತಲ್ಲ."

ಅವನಿಗೆ ಈಗಲೂ ಹೆದರಿಕೆಯೇ.

ಶೀನಪ್ಪ ಹದಿನಾಲ್ಕನೇ ತಾರೀಕಿನ ಬೆಳಿಗ್ಗೆಯನ್ನು ನೆನಪಿಗೆ ತಂದುಕೊಳ್ಳಲು ನೋಡಿದ. ಗೇಟು, ರಿಕ್ಷಾ, ಬಿಳಿ ಗಡ್ಡ, ಯಾವುದೂ ಬರಲಿಲ್ಲ. ದಿನಕ್ಕೆ ಹತ್ತು ಮಂದಿಗೆ ಹೇಳಿದ್ದರಲ್ಲಿ ಇದು ಯಾವುದೆಂದು ನೆನಪಿರುವುದು ಹೇಗೆ? ಆದರೆ ಆ ಮಾತು ಅವನದು. ಠಾಣೆಯ ಗೋಡೆಗೂ ಅದು ಗೊತ್ತಿತ್ತು. ಮೋಕ್ಷಿತಾ ಬರೆಯುವುದನ್ನು ನಿಲ್ಲಿಸಿ ಕಾಗದವನ್ನೇ ನೋಡುತ್ತಾ ಕೂತಿದ್ದಳು.

"ಬರಿ ಮೋಕ್ಷಿತಾ," ಎಂದ ಶೀನಪ್ಪ. "ಹೆಡ್ ಕಾನ್‌ಸ್ಟೇಬಲ್ ಶೀನಪ್ಪ, ನೆಕ್ಕರೆಬೈಲು ಠಾಣೆ."

ಅವಳು ಬರೆದಳು. ಬರೆದದ್ದನ್ನು ಓದಿ ಹೇಳಿದಳು. ಕುಂಞಿ ಅದರ ಕೆಳಗೆ ಸಹಿ ಹಾಕಿದ.